ಜೈಪುರದ ಹಳೇ ಪೇಟೆ ಸುತ್ತುವುದು ಹೇಗೆ: ಮಲೆನಾಡಿನಿಂದ ಹೊರಟವರಿಗೆ

ಜೈಪುರಕ್ಕೆ ಹೊರಟವರು ನನ್ನ ಹತ್ತಿರ ಕೇಳುವುದು ಸಾಮಾನ್ಯವಾಗಿ ಒಂದೇ ಮಾತು. ಬಳೆ ಎಲ್ಲಿ ಚೆನ್ನಾಗಿರುತ್ತೆ, ರಜಾಯಿ, ಅಂದರೆ ಹತ್ತಿ ತುಂಬಿದ ಹೊದಿಕೆ, ಎಲ್ಲಿ ಕಡಿಮೆಗೆ ಸಿಗುತ್ತೆ? ನಾನು ಯಾವ ಅಂಗಡಿಯ ಹೆಸರನ್ನೂ ಹೇಳುವುದಿಲ್ಲ. ಮೊದಲು ಆ ಊರಿನ ನಕ್ಷೆ ತಲೆಗೆ ಹಾಕಿಕೊಳ್ಳಿ ಅಂತೀನಿ. ಯಾವ ಕಸುಬಿನವರು ಯಾವ ಬೀದಿಯಲ್ಲಿ ಇರಬೇಕು ಅಂತ ಊರು ಕಟ್ಟುವಾಗಲೇ ಯೋಚಿಸಿ ಜಾಗ ಕೊಟ್ಟ ಪೇಟೆ ಅದು. ಬೀದಿಯ ಹೆಸರು ಓದಲು ಬಂದರೆ ಯಾವ ಸಾಮಾನಿಗೆ ಎಲ್ಲಿಗೆ ಹೋಗಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಯಾವಾಗ ಹೋಗುವುದು ಅನ್ನುವುದೇ ನಮ್ಮ ಕಡೆಯವರಿಗೆ ಮೊದಲ ತಾಪತ್ರಯ. ಜೈಪುರಕ್ಕೆ ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರವರಿ. ನಮ್ಮಲ್ಲಿ ಅಡಿಕೆ ಕೊಯ್ಲು ಇರುವುದೂ ಆಗಲೇ. ಕೊನೆ ಇಳಿಸಿ, ಸುಲಿದು, ಬೇಯಿಸಿ, ಒಣಗಿಸಿ ಮುಗಿಯುವ ತನಕ ತೋಟ ಇರುವವರು ಮನೆ ಬಿಟ್ಟು ಅಲ್ಲಾಡುವ ಹಾಗಿಲ್ಲ. ಅಂಥವರು ಫೆಬ್ರವರಿಯ ಕೊನೆಯ ವಾರಗಳನ್ನು ಹಿಡಿಯಿರಿ, ಬಿಸಿಲು ಇನ್ನೂ ಏರಿರುವುದಿಲ್ಲ. ಜನವರಿಯಲ್ಲಿ ಹೋದರೆ ಬೆಳಗ್ಗೆ ಸಂಜೆಗೆ ಸ್ವೆಟರ್ ಬೇಕೇ ಬೇಕು. ಮಕ್ಕಳ ರಜೆ ಅಂತ ಏಪ್ರಿಲ್-ಮೇ ತಿಂಗಳಲ್ಲಿ ಮಾತ್ರ ಹೋಗಬೇಡಿ. 40 ಡಿಗ್ರಿ ದಾಟುವ ಬಿಸಿಲಲ್ಲಿ ಪೇಟೆ ಸುತ್ತುವುದು ಸಾಧ್ಯವೇ ಇಲ್ಲ. ಬೆಂಗಳೂರಿನಿಂದ ನೇರ ವಿಮಾನ ಇದೆ. ರೈಲಲ್ಲಿ ಹೋಗುವವರು ಎರಡು ರಾತ್ರಿಯ ಊಟ, ಬುತ್ತಿ ಎಲ್ಲಾ ಲೆಕ್ಕ ಹಾಕಿಕೊಂಡೇ ಹೊರಡಿ. ಉಳಿಯಲು ಹಳೇ ಪೇಟೆಯ ಹತ್ತಿರವೇ ರೂಮು ಹಿಡಿದರೆ ಅರ್ಧ ಕೆಲಸ ಮುಗಿದ ಹಾಗೆ. ಸ್ವಲ್ಪ ದೂರ ಸಿಕ್ಕರೂ ಚಿಂತೆಯಿಲ್ಲ, ರೈಲ್ವೆ ಸ್ಟೇಷನ್ನು, ಬಸ್ ಸ್ಟ್ಯಾಂಡು ಎರಡನ್ನೂ ಮುಟ್ಟಿ ಬರುವ ಮೆಟ್ರೋ ಪೇಟೆಯ ಹೊಟ್ಟೆಯೊಳಗೇ ಹೋಗಿ ನಿಲ್ಲುತ್ತದೆ.

ಈಗ ನಕ್ಷೆ. ಒಂದು ಕಾಗದ ತೆಗೆದುಕೊಂಡು ಎಡದಿಂದ ಬಲಕ್ಕೆ ಒಂದು ಉದ್ದ ಗೆರೆ ಎಳೆಯಿರಿ. ಎಡದ ತುದಿ ಪಶ್ಚಿಮ, ಅಲ್ಲಿ ಚಾಂದ್‌ಪೋಲ್ ಬಾಗಿಲು. ಬಲದ ತುದಿ ಪೂರ್ವ, ಅಲ್ಲಿ ಸೂರಜ್‌ಪೋಲ್. ಚಂದ್ರನ ಬಾಗಿಲು, ಸೂರ್ಯನ ಬಾಗಿಲು. ನಡುವೆ ಮೂರು ಚುಕ್ಕಿ ಇಡಿ: ಛೋಟಿ ಚೌಪಡ್, ಬಡೀ ಚೌಪಡ್, ರಾಮಗಂಜ್ ಚೌಪಡ್. ಚೌಪಡ್ ಅಂದರೆ ಬೇರೇನಲ್ಲ, ನಮ್ಮ ಪಗಡೆ ಹಾಸು. ನಾಲ್ಕು ದಿಕ್ಕಿಗೂ ಚಾಚಿದ ಆ ಹಾಸಿನ ಹಾಗೇ ಇಲ್ಲಿ ರಸ್ತೆಗಳು ಒಂದನ್ನೊಂದು ದಾಟುತ್ತವೆ. ಛೋಟಿ ಚೌಪಡ್‌ನಿಂದ ಕೆಳಕ್ಕೆ, ಅಂದರೆ ದಕ್ಷಿಣಕ್ಕೆ ಒಂದು ಗೆರೆ ಎಳೆಯಿರಿ. ಅದು ಕಿಶನ್‌ಪೋಲ್ ಬಜಾರ್, ಅಜ್ಮೇರಿ ಗೇಟಿನಲ್ಲಿ ಮುಗಿಯುತ್ತದೆ. ಬಡೀ ಚೌಪಡ್‌ನಿಂದ ಇಳಿಯುವುದು ಜೌಹರಿ ಬಜಾರ್, ಅದರ ಕೊನೆ ಸಾಂಗಾನೇರಿ ಗೇಟ್. ಈ ಎರಡರ ನಡುವೆ ಚೌಡಾ ರಾಸ್ತಾ. ಎರಡು ಚೌಪಡ್‌ಗಳ ನಡುವಿನ ಮುಖ್ಯ ರಸ್ತೆಯ ತುಂಡು ತ್ರಿಪೋಲಿಯಾ ಬಜಾರ್. ಕೆಳಗೆ ಕೋಟೆ ಗೋಡೆಗೆ ಅಂಟಿಕೊಂಡ ಹಾಗೆ ನೆಹರೂ ಬಜಾರ್, ಬಾಪು ಬಜಾರ್. ಹೆಸರೇ ಹೇಳುವ ಹಾಗೆ ಇವೆರಡು ಈಚಿನವು. ಇಷ್ಟೇ. ಈ ಕಾಗದ ಜೇಬಿನಲ್ಲಿ ಇಟ್ಟುಕೊಂಡರೆ ದಾರಿ ತಪ್ಪಿದ್ದೇವೆ ಅನ್ನುವ ಭಯ ಇರುವುದಿಲ್ಲ. ಯಾವ ಗಲ್ಲಿಗೆ ನುಗ್ಗಿದರೂ ನೇರ ನಡೆಯಿರಿ, ಒಂದು ದೊಡ್ಡ ರಸ್ತೆಗೆ ಬಂದೇ ಬರುತ್ತೀರಿ.

ನಮಗೆ ಇದು ಮೊದಲ ದಿನ ವಿಚಿತ್ರ ಅನ್ನಿಸುತ್ತದೆ. ಗುಡ್ಡ, ಹಳ್ಳ, ತೋಟ ಬಿಟ್ಟುಕೊಟ್ಟ ಕಡೆ ಹೋಗುವುದೇ ನಮ್ಮಲ್ಲಿ ದಾರಿ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವಾಗ ಮುಂದಿನ ತಿರುವಿನ ಆಚೆ ಏನಿದೆ ಅಂತ ಕಾಣುವುದೇ ಇಲ್ಲ. ಅಲ್ಲಿ ಬಡೀ ಚೌಪಡ್‌ನಲ್ಲಿ ನಿಂತರೆ ಎರಡೂ ಕಡೆ ಕಣ್ಣು ಹೋಗುವಷ್ಟು ದೂರ ರಸ್ತೆ, ನೂಲು ಹಿಡಿದು ಎಳೆದ ಹಾಗೆ. ರಾಜ ಸವಾಯಿ ಜೈಸಿಂಗ್ 1727ರ ನವೆಂಬರ್ 18ರಂದು ಈ ಊರಿಗೆ ಅಡಿಪಾಯ ಹಾಕಿದ. ಅದಕ್ಕೂ ಮುಂಚೆ ರಾಜಧಾನಿ ಇದ್ದದ್ದು 11 ಕಿಲೋಮೀಟರ್ ಆಚೆಯ ಬೆಟ್ಟದ ಊರು ಆಮೇರ್‌ನಲ್ಲಿ. ಜನ ಜಾಸ್ತಿಯಾದರು, ನೀರು ಸಾಲದಾಯಿತು, ಬಯಲಿಗೆ ಇಳಿದರು. ನಕ್ಷೆ ಹಾಕಿದ್ದು ಬಂಗಾಳದ ವಿದ್ಯಾಧರ ಭಟ್ಟಾಚಾರ್ಯ. ಒಂಬತ್ತು ಚೌಕದ ಲೆಕ್ಕ. ವಾಯವ್ಯದ ಚೌಕಕ್ಕೆ ನಾಹರ್‌ಗಢದ ಬೆಟ್ಟ ಅಡ್ಡ ಬಂತು, ಆ ಚೌಕವನ್ನು ಪೂರ್ವದ ಕಡೆಗೆ ಸರಿಸಿದರು. ಅಷ್ಟು ನೇರ ಗೆರೆಯ ಊರಿನಲ್ಲೂ ಬೆಟ್ಟದ ಮಾತು ನಡೆದಿದೆ ನೋಡಿ, ಅದು ನನಗೆ ತುಂಬಾ ಇಷ್ಟ. ಮುಖ್ಯ ರಸ್ತೆಯನ್ನೂ ಸುಮ್ನೆ ಎಲ್ಲೋ ಹಾಕಿಲ್ಲ. ನೆಲದ ದಿಣ್ಣೆಯ ನೆತ್ತಿಯ ಮೇಲೆ ಹಾಕಿದ್ದಾರೆ. ಹೆಂಚಿನ ಮಾಡಿನಿಂದ ನೀರು ಎರಡೂ ಕಡೆ ಇಳಿಯುತ್ತದಲ್ವಾ, ಹಾಗೇ ಮಳೆ ನೀರು ರಸ್ತೆಯಲ್ಲಿ ನಿಲ್ಲದೆ ಎರಡೂ ಬದಿಗೆ ಇಳಿದು ಹೋಗಲಿ ಅಂತ. ಚೌಪಡ್‌ಗಳ ನಟ್ಟನಡುವೆ ಕುಡಿಯುವ ನೀರಿನ ಕುಂಡಗಳಿದ್ದವು. ಮೆಟ್ರೋಗೆ ಅಗೆಯುವಾಗ ಅವುಗಳ ಹಳೇ ಕಟ್ಟಡ ಕಣ್ಣಿಗೆ ಬಿತ್ತು.

ಬಣ್ಣದ ಬಗ್ಗೆ ಒಂದು ಮಾತು. ಗುಲಾಬಿ ನಗರ ಅಂತಾರೆ, ಹತ್ತಿರ ಹೋಗಿ ನೋಡಿದರೆ ಅದು ನಮ್ಮ ಕೆಮ್ಮಣ್ಣಿನ ಬಣ್ಣ. ಊರು ಕಟ್ಟಿದಾಗಿನಿಂದ ಹೀಗೇ ಇತ್ತು ಅಂದುಕೊಳ್ಳಬೇಡಿ. 1876ರಲ್ಲಿ ವೇಲ್ಸ್‌ನ ರಾಜಕುಮಾರ ಬರುತ್ತಾನೆ ಅಂತ ಸವಾಯಿ ರಾಮಸಿಂಗ್ ಇಡೀ ಪೇಟೆಗೆ ಬಳಿಸಿದ ಬಣ್ಣ ಇದು. ಕೆಂಪು ಗೋಡೆಯ ಮೇಲೆ ಬಿಳಿ ಗೆರೆಯಲ್ಲಿ ಹೂ, ಬಳ್ಳಿ, ಕಮಾನಿನ ಅಂಚು ಬಿಡಿಸಿರುತ್ತಾರೆ. ಸಾಗರದ ಕಡೆ ದೀವರ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುವುದನ್ನು ನೋಡಿದವರಿಗೆ ಅಲ್ಲಿ ನಿಂತಾಗ ಮನಸ್ಸು ಊರಿಗೆ ಹೋಗಿ ಬರುತ್ತದೆ.

ದಿನವನ್ನು ಹೀಗೆ ಹಂಚಿಕೊಳ್ಳಿ. ಬೆಳಗ್ಗೆ ನೋಡುವುದು, ಮಧ್ಯಾಹ್ನ ಊಟ ಮತ್ತು ಸ್ವಲ್ಪ ವಿಶ್ರಾಂತಿ, ನಾಲ್ಕು ಗಂಟೆಯ ಮೇಲೆ ಪೇಟೆ. ಅಂಗಡಿಗಳು ಬೆಳಗ್ಗೆ 11ರ ಸುಮಾರಿಗೆ ಬಾಗಿಲು ತೆಗೆಯುವುದು, ಹಾಗಾಗಿ ಬೇಗ ಹೋಗಿ ಪ್ರಯೋಜನ ಇಲ್ಲ. ಭಾನುವಾರ ಹಳೇ ಬಜಾರುಗಳಲ್ಲಿ ಅನೇಕ ಅಂಗಡಿ ಮುಚ್ಚಿರುತ್ತವೆ, ಆ ದಿನವನ್ನು ಆಮೇರ್ ಕೋಟೆಗೆ ಇಟ್ಟುಕೊಳ್ಳಿ. ಆಮೇರ್, ಹವಾ ಮಹಲ್, ಗ್ರಹ-ನಕ್ಷತ್ರ ನೋಡಲು ಕಟ್ಟಿದ ಜಂತರ್ ಮಂತರ್, ಆಲ್ಬರ್ಟ್ ಹಾಲ್ ಮ್ಯೂಸಿಯಂ, ನಾಹರ್‌ಗಢ ಎಲ್ಲಕ್ಕೂ ಸೇರಿ ಒಂದೇ ಟಿಕೆಟ್ ಸಿಗುತ್ತದೆ, ಅದನ್ನೇ ತೆಗೆದುಕೊಳ್ಳಿ. ಪೇಟೆಯೊಳಗಿನ ಅರಮನೆ ಸಿಟಿ ಪ್ಯಾಲೇಸ್‌ಗೆ ಟಿಕೆಟ್ ಬೇರೆ.

ಹವಾ ಮಹಲ್‌ನ ಮುಖ ಪೂರ್ವಕ್ಕೆ. ಹಾಗಾಗಿ ಎಳೆ ಬಿಸಿಲು ಬೀಳುವಾಗಲೇ ರಸ್ತೆಯ ಎದುರು ಬದಿಯಲ್ಲಿ ನಿಂತು ನೋಡಿ, ಆಮೇಲೆ ಒಳಗೆ ಹೋಗಿ. ಎದುರಿನಿಂದ ಬಾಗಿಲಿಲ್ಲ, ಹಿಂಭಾಗದಿಂದ ಸುತ್ತಿ ಬರಬೇಕು. 1799ರಲ್ಲಿ ಸವಾಯಿ ಪ್ರತಾಪಸಿಂಗ್ ಕಟ್ಟಿಸಿದ್ದು, ಐದು ಅಂತಸ್ತು, 953 ಕಿಟಕಿ. ಮೇಲಕ್ಕೆ ಹತ್ತಲು ಇಳಿಜಾರು ದಾರಿಯೇ ಜಾಸ್ತಿ, ಮಂಡಿ ನೋವಿನವರೂ ನಿಧಾನಕ್ಕೆ ಹತ್ತಬಹುದು. ಮೇಲಿನ ಒಂದು ಸಣ್ಣ ಕಿಟಕಿಗೆ ಕಣ್ಣಿಟ್ಟು ಕೆಳಗಿನ ಬಜಾರು ನೋಡಿ. ರಾಣಿವಾಸದ ಹೆಂಗಸರು ಪೇಟೆಯನ್ನು ನೋಡಿದ್ದು ಇಲ್ಲಿಂದಲೇ. ಮುಖಕ್ಕೆ ತಣ್ಣಗೆ ಗಾಳಿ ಬಡಿಯುತ್ತದೆ.

ಜಂತರ್ ಮಂತರ್‌ಗೆ ಮೋಡ ಇರುವ ದಿನ ಹೋಗಬೇಡಿ. ಅಲ್ಲಿನ 19 ಯಂತ್ರಗಳಲ್ಲಿ ಬಹುಪಾಲು ಕೆಲಸ ಮಾಡುವುದು ನೆರಳಿನಿಂದ. ಜೈಸಿಂಗ್‌ಗೆ ಗ್ರಹ, ನಕ್ಷತ್ರಗಳ ಹುಚ್ಚು ಎಷ್ಟಿತ್ತು ಅಂದರೆ ಅರಮನೆಯ ಪಕ್ಕದಲ್ಲೇ ಇದನ್ನು ಕಟ್ಟಿಸಿದ. ದೊಡ್ಡ ನೆರಳು ಗಡಿಯಾರವಾದ ಸಮ್ರಾಟ್ ಯಂತ್ರದ ಎತ್ತರ 27 ಮೀಟರ್, ಅದರ ಓರೆ ಗೋಡೆ ನೇರ ಧ್ರುವ ನಕ್ಷತ್ರದ ಕಡೆಗೆ ಮುಖ ಮಾಡಿದೆ. ಗೋಡೆಯ ನೆರಳು ಪಕ್ಕದ ಕಮಾನಿನ ಮೇಲೆ ಸೆಕೆಂಡಿಗೆ ಒಂದು ಮಿಲಿಮೀಟರ್ ಸರಿಯುತ್ತದೆ. ಒಂದು ನಿಮಿಷ ಸುಮ್ಮನೆ ನಿಂತು ನೋಡಿ, ಕಣ್ಣೆದುರೇ ಮೂರು ಬೆರಳಿನಷ್ಟು ನಡೆದಿರುತ್ತದೆ. ಭೂಮಿ ತಿರುಗುವುದನ್ನು ನಾನು ಬೇರೆ ಎಲ್ಲೂ ಹೀಗೆ ನೋಡಿಲ್ಲ. ಅದು ತೋರಿಸುವುದು ಜೈಪುರದ ಸ್ವಂತ ಹೊತ್ತು, ನಿಮ್ಮ ವಾಚಿಗಿಂತ ಸರಾಸರಿ 27 ನಿಮಿಷ ಹಿಂದೆ. ಇದನ್ನು ಕೇಳಿ: ಶಿವಮೊಗ್ಗ ಮತ್ತು ಜೈಪುರ ಹೆಚ್ಚು ಕಡಿಮೆ ಒಂದೇ ರೇಖಾಂಶದ ಮೇಲಿವೆ. ಎರಡರ ಸೂರ್ಯನ ಹೊತ್ತಿಗೆ ಸುಮಾರು ಒಂದೇ ನಿಮಿಷದ ವ್ಯತ್ಯಾಸ. ಅಲ್ಲಿ ಆ ನೆರಳು ನಡುಮಧ್ಯಾಹ್ನ ಮುಟ್ಟುವಾಗ ನಮ್ಮ ಮನೆ ಅಂಗಳದ ತುಳಸಿಕಟ್ಟೆಯ ನೆರಳೂ ಗಿಡ್ಡವಾಗಿ ಬುಡಕ್ಕೆ ಬಂದಿರುತ್ತದೆ. ಆದರೆ ಇಂಥದ್ದೇ ಯಂತ್ರವನ್ನು ಶಿವಮೊಗ್ಗದಲ್ಲಿ ಕಟ್ಟಿದರೆ ಓರೆ ಗೋಡೆ ಅಲ್ಲಿನ ಹಾಗೆ 27 ಡಿಗ್ರಿ ಇರುವುದಿಲ್ಲ, 14 ಡಿಗ್ರಿಗೇ ಮಲಗಿಬಿಡುತ್ತದೆ, ಯಾಕೆಂದರೆ ನಾವು ಅಷ್ಟು ದಕ್ಷಿಣದಲ್ಲಿದ್ದೇವೆ. ಮಕ್ಕಳು ಜೊತೆಗಿದ್ದರೆ ಇದನ್ನು ಅಲ್ಲೇ ಹೇಳಿಕೊಡಿ.

ಅರಮನೆಯಲ್ಲಿ ಎರಡು ಭಾರಿ ಬೆಳ್ಳಿ ಹಂಡೆಗಳನ್ನು ತಪ್ಪದೆ ನೋಡಿ. ಸವಾಯಿ ಮಾಧೋಸಿಂಗ್ 1902ರಲ್ಲಿ ಲಂಡನ್ನಿಗೆ ಹೊರಟಾಗ ಗಂಗೆಯ ನೀರು ತುಂಬಿಸಿ ಹಡಗಿನಲ್ಲಿ ಒಯ್ದದ್ದು ಈ ಥರದ ಹಂಡೆಗಳಲ್ಲೇ. ಹಿಂದಿನ ತೋಟದ ಗೋವಿಂದ ದೇವ್‌ಜೀ ಗುಡಿಯಲ್ಲಿ ದಿನಕ್ಕೆ ಏಳು ಸಲ ದರ್ಶನ. ಬೆಳಗಿನ ದರ್ಶನಕ್ಕೆ ಊರಿನ ಜನವೇ ತುಂಬಿರುತ್ತಾರೆ, ಆ ಹಾಡು ಕೇಳಲಿಕ್ಕಾದರೂ ಹೋಗಿ.

ಇನ್ನು ಪೇಟೆ. ಯಾವುದಾದರೂ ಒಂದೇ ಗಲ್ಲಿಗೆ ಹೊತ್ತು ಇದೆ ಅಂದರೆ ತ್ರಿಪೋಲಿಯಾ ಬಜಾರಿನಿಂದ ಒಳಗೆ ಹೋಗುವ ಮಣಿಹಾರೋಂ ಕಾ ರಾಸ್ತಾಕ್ಕೆ ಹೋಗಿ. ಮಣಿಹಾರರು ಅಂದರೆ ಬಳೆ ಮಾಡುವವರು, ಅರಗಿನ ಬಳೆ. ಮಹಾಭಾರತದ ಅರಗಿನ ಮನೆಯ ಅದೇ ಅರಗು. ನಾನು ಅಮ್ಮನನ್ನು ಕರೆದುಕೊಂಡು ಹೋದ ಸಲ ಅಂಗಡಿಯೊಂದರ ಮುಂದೆ ಹೆಂಗಸೊಬ್ಬರು ಇದ್ದಿಲ ಒಲೆ ಮುಂದಿಟ್ಟುಕೊಂಡು ಕೂತಿದ್ದರು. ಕೋಲಿನ ತುದಿಗೆ ಅರಗಿನ ಮುದ್ದೆ, ಬಿಸಿಗೆ ಹಿಡಿದು ಮೆತ್ತಗಾದ ಮೇಲೆ ಅದರ ಮೇಲೆ ಬಣ್ಣದ ಅರಗಿನ ಕಡ್ಡಿ ತಿಕ್ಕುತ್ತಿದ್ದರು, ಕೆಂಪು, ಆಮೇಲೆ ಹಸಿರು. ಮರದ ಹಿಡಿಯಿಂದ ಒತ್ತಿ ಉರುಳಿಸಿ ಎಳೆ ಎಳೆದರು, ಬಳೆಯ ಸುತ್ತಳತೆಗೆ ಕತ್ತರಿಸಿ ಬಗ್ಗಿಸಿ ತುದಿಗೆ ತುದಿ ಅಂಟಿಸಿದರು, ಒಂದು ಕಡೆ ಸಪೂರ ಇನ್ನೊಂದು ಕಡೆ ದಪ್ಪ ಇರುವ ಮರದ ಗೂಟಕ್ಕೆ ತೂರಿಸಿ ಅಳತೆಗೆ ತಂದರು. ಬಿಸಿ ಇರುವಾಗಲೇ ಸಣ್ಣ ಹರಳುಗಳನ್ನು ಚಿಮಟದಿಂದ ಒಂದೊಂದಾಗಿ ಒತ್ತಿದರು. ನೋಡ್ತಾ ನೋಡ್ತಾ ಬಳೆ ಆಗಿಹೋಯಿತು. ಅಮ್ಮನಿಗೆ ಹಿಂದಿ ಬರುವುದಿಲ್ಲ, ಆಕೆಗೆ ಕನ್ನಡ ಬರುವುದಿಲ್ಲ. ಆಕೆ ಅಮ್ಮನ ಕೈ ಹಿಡಿದು ಬೆರಳಿನ ಗೆಣ್ಣುಗಳನ್ನು ಮೆಲ್ಲಗೆ ಅದುಮಿ ನೋಡಿದರು, ಅಷ್ಟೇ. ಸರಿಯಾದ ಅಳತೆಯ ಬಳೆ ತೆಗೆದು ತೊಡಿಸಿದರು. "ನಮ್ಮೂರಿಗೆ ಬರುತ್ತಿದ್ದ ಬಳೆಗಾರನೂ ಹೀಗೇ ಕೈ ನೋಡ್ತಿದ್ದ ಕಣೋ" ಅಂದರು ಅಮ್ಮ. ಅರ್ಧ ಗಂಟೆ ಅಲ್ಲಿಂದ ಏಳಲೇ ಇಲ್ಲ.

ಅರಗಿನ ಬಳೆಯಲ್ಲಿ ಮೋಸ ಹೋಗಬಾರದು ಅಂದರೆ ಮಾಡುವವರ ಎದುರು ಕೂತು ತೆಗೆದುಕೊಳ್ಳಿ. ಪ್ಲಾಸ್ಟಿಕ್ ಬಳೆಯ ಮೇಲೆ ಹೊಳಪು ಹಚ್ಚಿ ಅರಗು ಅಂತ ಮಾರುವವರೂ ಇದ್ದಾರೆ. ಮನೆಯಲ್ಲಿ ಉಳಿದವರಿಗೆ ತರುವುದಿದ್ದರೆ ಹೊರಡುವ ಮುಂಚೆಯೇ ಅವರ ಅಳತೆ ಬರೆದುಕೊಳ್ಳಿ. ಎರಡು-ನಾಲ್ಕು, ಎರಡು-ಆರು ಅನ್ನುವ ನಮ್ಮ ಲೆಕ್ಕವೇ ಅಲ್ಲೂ ನಡೆಯುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾತ್ರ ಬಳೆ ಬಿಡಬೇಡಿ, ಮೆತ್ತಗಾಗಿ ಆಕಾರ ಕೆಡುತ್ತದೆ.

ಜೌಹರಿ ಬಜಾರ್ ಒಡವೆ, ಹರಳಿನ ಬೀದಿ. ಅದರ ಪಕ್ಕದ ಗೋಪಾಲ್‌ಜೀ ಕಾ ರಾಸ್ತಾದಲ್ಲಿ ಜನ ನಿಂತಲ್ಲೇ ಕಾಗದದ ಪೊಟ್ಟಣ ಬಿಚ್ಚಿ ಬೆಳಕಿಗೆ ಹಿಡಿದು ಹರಳಿನ ವ್ಯಾಪಾರ ಮಾಡುತ್ತಾರೆ. ಹಸಿರು ಪಚ್ಚೆ ಕಡಿಯುವುದರಲ್ಲಿ ಜೈಪುರಕ್ಕೆ ದೊಡ್ಡ ಹೆಸರು. ನೋಡಲು ಹೋಗಿ, ಕೊಳ್ಳಲು ಅವಸರ ಬೇಡ. ಹರಳಿನ ಬಗ್ಗೆ ತಿಳಿದವರು ಜೊತೆಗಿಲ್ಲದಿದ್ದರೆ ದೊಡ್ಡ ಮೊತ್ತ ಹಾಕಬೇಡಿ. ಚಿನ್ನಕ್ಕೆ ಹಾಲ್‌ಮಾರ್ಕ್, ಹರಳಿಗೆ ಲ್ಯಾಬಿನ ಸರ್ಟಿಫಿಕೇಟ್, ಎರಡಕ್ಕೂ ಸರಿಯಾದ ಬಿಲ್ ಕೇಳಿ. ಕುಂದನ್ (ಚಿನ್ನದಲ್ಲಿ ಹರಳು ಕೂರಿಸಿದ್ದು), ಮೀನಾಕಾರಿ (ಲೋಹದ ಮೇಲೆ ಬಣ್ಣದ ಎನಾಮಲ್ ತುಂಬಿದ್ದು) ಒಡವೆಯನ್ನು ಕೈಗೆ ತೆಗೆದುಕೊಂಡಾಗ ತಿರುಗಿಸಿ ಹಿಂಭಾಗ ನೋಡಿ. ಒಳ್ಳೆಯ ಕೆಲಸದಲ್ಲಿ ಯಾರಿಗೂ ಕಾಣದ ಆ ಬೆನ್ನಿನ ಮೇಲೂ ಬಣ್ಣದ ಹೂ ಬರೆದಿರುತ್ತಾರೆ.

ತ್ರಿಪೋಲಿಯಾದಲ್ಲಿ ಹಿತ್ತಾಳೆ, ತಾಮ್ರದ ಪಾತ್ರೆ ತೂಕದ ಲೆಕ್ಕದಲ್ಲಿ ಸಿಗುತ್ತವೆ. ಚಾಂದ್‌ಪೋಲ್ ಕಡೆಯ ಖಜಾನೇವಾಲೋಂ ಕಾ ರಾಸ್ತಾದಲ್ಲಿ ಅಮೃತಶಿಲೆಯ ದೇವರ ಮೂರ್ತಿ ಕೆತ್ತುತ್ತಾರೆ, ಗಲ್ಲಿಯ ನೆಲವೆಲ್ಲ ಬಿಳಿ ಪುಡಿ. ಸಾಗರದಲ್ಲಿ ಗುಡಿಗಾರರು ಗಂಧದ ಮರ ಕೆತ್ತುವುದನ್ನು ನೋಡಿ ಬೆಳೆದವರು ಅಲ್ಲಿ ಹೊತ್ತು ಮರೆಯುತ್ತಾರೆ. ಚೌಡಾ ರಾಸ್ತಾ ಪುಸ್ತಕದ ಅಂಗಡಿಗಳ ಬೀದಿ.

ಬಟ್ಟೆಗೆ ಬಾಪು ಬಜಾರ್, ನೆಹರೂ ಬಜಾರ್. ಬಿಳಿ ನೆಲದ ಮೇಲೆ ಸಣ್ಣ ಸಣ್ಣ ಹೂ ಇದ್ದರೆ ಅದು ಸಾಂಗಾನೇರ್ ಊರಿನ ಅಚ್ಚು, ಸಾಂಗಾನೇರಿ. ಮಣ್ಣಿನ ಬಣ್ಣ, ನೀಲಿ, ಕಡುಗೆಂಪು, ಕಪ್ಪು ಇದ್ದರೆ ಬಗರು ಅನ್ನುವ ಊರಿನ ಅಚ್ಚು. ಬಗರುವಿನ ದಾಬು ಅಚ್ಚಿನಲ್ಲಿ ಬಟ್ಟೆಯ ಮೇಲೆ ಮಣ್ಣಿನ ಕೆಸರು ಒತ್ತಿ ಬಣ್ಣಕ್ಕೆ ಅದ್ದುತ್ತಾರೆ, ಮಣ್ಣು ಕೂತ ಜಾಗಕ್ಕೆ ಬಣ್ಣ ಹಿಡಿಯುವುದಿಲ್ಲ. ಕೈ ಅಚ್ಚು ಹೌದೋ ಅಲ್ಲವೋ ನೋಡುವುದು ಹೀಗೆ: ಬಟ್ಟೆ ತಿರುವಿ ಹಾಕಿ, ಬಣ್ಣ ಹಿಂದಕ್ಕೂ ಇಳಿದಿರಬೇಕು. ಮುಂದೆ ಹಚ್ಚಗೆ, ಹಿಂದೆ ಬೆಳ್ಳಗೆ ಇದ್ದರೆ ಅನುಮಾನ ಪಡಿ. ಅಚ್ಚು ಎತ್ತಿ ಪಕ್ಕದಲ್ಲಿ ಇಟ್ಟ ಜಾಗದಲ್ಲಿ ಗೆರೆ ಕೂದಲೆಳೆಯಷ್ಟು ತಪ್ಪಿರುತ್ತದೆ, ಒಂದು ಹೂ ಸ್ವಲ್ಪ ಗಾಢ, ಇನ್ನೊಂದು ತೆಳು. ಎಲ್ಲವೂ ಒಂದೇ ಸಮ ಇದ್ದರೆ ಅದು ಸ್ಕ್ರೀನ್ ಅಚ್ಚು, ಅದಕ್ಕೆ ತಕ್ಕ ಬೆಲೆ ಮಾತ್ರ ಕೊಡಿ. ಒಂದು ದಿನ ಜಾಸ್ತಿ ಇದ್ದರೆ ಸಾಂಗಾನೇರ್‌ಗೇ ಹೋಗಿ ಬನ್ನಿ, ಊರಿನ ದಕ್ಷಿಣಕ್ಕೆ ಹತ್ತಿರದಲ್ಲೇ ಇದೆ.

ನೀಲಿ ಬಣ್ಣದ ಪಿಂಗಾಣಿಯ ಹಾಗೆ ಕಾಣುವ ಬಟ್ಟಲು, ತಟ್ಟೆಗಳಲ್ಲಿ ಕುಂಬಾರರ ಜೇಡಿಮಣ್ಣೇ ಇಲ್ಲ. ಬೆಣಚುಕಲ್ಲಿನ ಪುಡಿ, ಗಾಜಿನ ಪುಡಿ, ಮುಲ್ತಾನಿ ಮಿಟ್ಟಿ, ಅಂಟು ಸೇರಿಸಿ ಮಾಡುವುದು. ಚೆಂದಕ್ಕೆ ಇಡಿ, ಬಿಸಿ ಸಾರು ಬಡಿಸಬೇಡಿ. ತುಂಬ ನಾಜೂಕು, ವಿಮಾನದಲ್ಲಿ ಕೈಚೀಲದಲ್ಲೇ ತನ್ನಿ.

ಚೌಕಾಸಿಯ ಬಗ್ಗೆ. ಮೊದಲ ಸಲ ಹೋದಾಗ ಆಟೋದವನೊಬ್ಬ ತೀರ ಕಡಿಮೆ ಬಾಡಿಗೆಗೆ ಒಪ್ಪಿ, ದಾರಿಯಲ್ಲಿ ಒಂದು ದೊಡ್ಡ ಮಳಿಗೆಯ ಮುಂದೆ ನಿಲ್ಲಿಸಿ, ಇಲ್ಲಿ ಸರ್ಕಾರಿ ರೇಟು ಅಂದ. ಎರಡು ಬೆಡ್‌ಶೀಟ್ ತೆಗೆದುಕೊಂಡೆ. ಮರುದಿನ ಬಾಪು ಬಜಾರಿನಲ್ಲಿ ಅದೇ ಅಚ್ಚು, ಅದೇ ಬಟ್ಟೆ ಅರ್ಧ ಬೆಲೆಗೆ ನೇತು ಹಾಕಿತ್ತು. ಉಳಿದರ್ಧ ಕರೆತಂದವನ ಕಮಿಷನ್ನಿಗೂ ಮಳಿಗೆಯವರ ಲಾಭಕ್ಕೂ ಹೋಗಿರುತ್ತದೆ. ಹಾಗಾಗಿ ಪೇಟೆಗೆ ನಡೆದೇ ಹೋಗಿ. ಮೊದಲ ಅಂಗಡಿಯಲ್ಲಿ ಏನೂ ಕೊಳ್ಳಬೇಡಿ, ಮೂರು ಕಡೆ ಬೆಲೆ ಕೇಳಿ. ಬಟ್ಟೆ, ಜುತ್ತಿ (ಅಲ್ಲಿನ ಪಾದರಕ್ಷೆ), ಚೀಲಗಳಿಗೆ ಗಟ್ಟಿಯಾಗಿ ಚೌಕಾಸಿ ಮಾಡಿ, ಅವರೂ ಅದನ್ನೇ ನಿರೀಕ್ಷಿಸುತ್ತಾರೆ. ಆದರೆ ಬಳೆಯ ಒಲೆಯ ಮುಂದೆ, ಉಳಿ ಹಿಡಿದು ಕೂತವರ ಮುಂದೆ ದಯವಿಟ್ಟು ತೀರಾ ಜಗ್ಗಬೇಡಿ. ಹತ್ತಿಪ್ಪತ್ತು ರೂಪಾಯಿ ನಮಗೆ ಲೆಕ್ಕಕ್ಕಿಲ್ಲ, ಅವರ ದಿನದ ಕೂಲಿಯಲ್ಲಿ ಅದು ದೊಡ್ಡದು. ಈರುಳ್ಳಿ ಕಚೋರಿ ಬಿಸಿ ಇರುವಾಗ ತಿನ್ನಿ, ಮಣ್ಣಿನ ಲೋಟದಲ್ಲಿ ಲಸ್ಸಿ ಕುಡಿಯಿರಿ, ದಾಲ್ ಬಾಟಿಗೆ ತುಪ್ಪ ಬೇಡ ಅನ್ನಬೇಡಿ. ಸಸ್ಯಾಹಾರಿಗಳಿಗೆ ಏನೂ ತೊಂದರೆ ಇಲ್ಲ.

ಕೊನೆಯದಾಗಿ, ನಮ್ಮ ಮಳೆಗಾಲ ನೆನಪಿಟ್ಟುಕೊಂಡು ಸಾಮಾನು ಆರಿಸಿ. ಅದು ಒಣ ಹವೆಯ ಊರು, ಅಲ್ಲಿ ಹತ್ತು ವರ್ಷ ಬಾಳುವುದು ಹೊಸನಗರದಲ್ಲಿ ಒಂದೇ ಆಷಾಢಕ್ಕೆ ಬೂಷ್ಟು ಹಿಡಿಯುತ್ತದೆ. ತೊಗಲಿನ ಜುತ್ತಿ ತಂದರೆ ಜೂನ್ ಬರುವ ಮುಂಚೆ ಒಳಗೆ ಕಾಗದ ತುರುಕಿ ಬಟ್ಟೆಯಲ್ಲಿ ಸುತ್ತಿ ಒಣ ಜಾಗದಲ್ಲಿ ಇಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಒಳಗೇ ಬೆವರಿ ಹಾಳಾಗುತ್ತದೆ. ಜೈಪುರಿ ರಜಾಯಿ ನಮ್ಮ ಚಳಿಗೆ ಹೇಳಿ ಮಾಡಿಸಿದ್ದು, ಹಗುರ, ಆದರೂ ಬೆಚ್ಚಗೆ. ಹತ್ತಿ ಒದ್ದೆಯಾದರೆ ಒಳಗೆ ಗಂಟು ಕಟ್ಟುತ್ತದೆ, ಹಾಗಾಗಿ ಒಗೆಯುವ ಬದಲು ಮೇಲೊಂದು ಗವಸು ಹಾಕಿ. ಮಳೆಗಾಲದಲ್ಲಿ ಬಿಸಿಲು ಕಂಡ ದಿನ ಮೊದಲು ಅದನ್ನು ಅಂಗಳಕ್ಕೆ ತನ್ನಿ. ಬಣ್ಣದ ಅಚ್ಚಿನ ಬಟ್ಟೆಯನ್ನು ಮೊದಲ ಒಗೆತಕ್ಕೆ ಉಪ್ಪು ನೀರಿನಲ್ಲಿ ಬೇರೆಯಾಗಿ ನೆನೆಸಿ, ನೆರಳಲ್ಲಿ ಹರವಿ. ಹಿತ್ತಾಳೆಗೆ ಹುಣಸೆಹಣ್ಣು ಇದ್ದೇ ಇದೆ.